ನಾಲ್ಕನೇ ಕಿಟಕಿಯ ಭಂಡಾರ

ಕಾಗವಾಡ
೯ ಜೂನ್ ೨೦೨೫, ಸೋಮವಾರ

ಅವ್ವಾ,

ಸುಜಾತಾಳ ನಮಸ್ಕಾರ. ಕಾಗದ ನೋಡಿ ಗಾಬರಿಯಾಗಬೇಡ, ನಾನು ಆರಾಮ ಇದ್ದೇನೆ.

ಫೋನ್ ಮಾಡಿ ಮಾಡಿ ಸಾಕಾಯಿತು. ಅಪ್ಪ ಫೋನನ್ನು ನಿನ್ನ ಕಿವಿಗೆ ಹಿಡಿಯುತ್ತಾನೆ. ಈ ಕಡೆ ನನಗೆ ನಿನ್ನ ಬಳೆ ಸದ್ದು ಕೇಳುತ್ತದೆ, ಕುರಿಗಳು ಒದರುವುದು ಕೇಳುತ್ತದೆ, ನಿನ್ನ ದನಿ ಮಾತ್ರ ಕೇಳುವುದಿಲ್ಲ. ಮೂರು ಸಲ ಹೀಗಾದ ಮೇಲೆ ಅಪ್ಪನೇ ಅಂದ: “ಯವ್ವಾ, ಆಕಿ ಭಂಡಾರ ಮುಟ್ಟಿ ಆಣಿ ಮಾಡ್ಯಾಳ, ಬಾಯಿ ಬಿಡಂಗಿಲ್ಲ. ನೀ ಕಾಗದಾ ಬರದ ನೋಡು.”

ಆ ಆಣೆ ನನ್ನ ಎದುರಿಗೇ ಆದದ್ದಲ್ಲವೇ? ಮಲ್ಲಯ್ಯನ ಗುಡಿಯ ಮೆಟ್ಟಿಲ ಮೇಲೆ ನಿಂತು, ಮುಷ್ಟಿಯಲ್ಲಿ ದೇವರ ಅರಿಷಿಣದ ಭಂಡಾರ ಹಿಡಿದು ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. “ಆ ಕಂಪನಿ ಅಂಗಿ ನನ್ನ ಮಗಳ ಮೈಮ್ಯಾಲ ಇರೋತನಕ ಆಕಿ ನನ್ನ ಹೊಸ್ತಿಲಾ ತುಳಿಯಂಗಿಲ್ಲ, ನಾ ಆಕಿ ಕೂಡ ಬಾಯಿ ಬಿಟ್ಟ ಮಾತಾಡಂಗಿಲ್ಲ.” ಹಾಗೆ ಅಂದರೆ ನಾನು ಹೆದರಿ ಟೋಲ್ ನಾಕಾದ ನೌಕರಿ ಬಿಡುತ್ತೇನೆ ಎಂದು ನೀನು ತಿಳಿದಿದ್ದೆ. ನಾನು ಬಿಡಲಿಲ್ಲ, ನಿನಗೆ ಆಣೆ ಹಿಂದೆ ತೆಗೆದುಕೊಳ್ಳಲು ಬರಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಹಾಗೆ ಆಯಿತು ನಮ್ಮಿಬ್ಬರದು.

ಆದರೆ ಅವ್ವಾ, ನೀನೇ ಹೇಳು. ರಸ್ತೆ ದಂಡೆಯ ನಮ್ಮ ಎರಡೂವರೆ ಗುಂಟೆ ಆ ನಾಕಾಕ್ಕೆ ಹೋಯಿತು. ಭಂಡಾರ, ಕೊಬ್ಬರಿ ಮಾರುವ ನಿನ್ನ ಅಂಗಡಿ ಹೋಯಿತು, ಬೇವಿನ ಗಿಡ ಹೋಯಿತು. ಬಂದ ಪರಿಹಾರ ಅಪ್ಪನ ಹೊಟ್ಟೆಯ ಆಪರೇಷನ್ನಿಗೇ ಮುಗಿಯಿತು. ಉಳಿದದ್ದು ಒಂದೇ: ಜಾಗ ಕಳೆದುಕೊಂಡ ಮನೆಗೆ ಒಂದು ನೌಕರಿ. ಇದನ್ನೂ ಬಿಟ್ಟರೆ ಆ ಜಾಗ ನಮ್ಮದಾಗಿತ್ತು ಎನ್ನಲು ಏನು ಉಳಿಯುತ್ತದೆ?

ನನ್ನದು ನಾಲ್ಕನೇ ಕಿಟಕಿ. ಮಂಗಸೂಳಿಯಿಂದ ಮಿರಜ ಕಡೆ ಹೋಗುವ ಗಾಡಿಗಳು ಬರುವ ಸಾಲು. ಮೊದಲ ದಿನವೇ ಯಾರಿಗೂ ಕಾಣದ ಹಾಗೆ ಹೆಜ್ಜೆ ಹಾಕಿ ಅಳೆದೆ. ನೀನು ಕೊಬ್ಬರಿ ಬುಟ್ಟಿ ಇಡುತ್ತಿದ್ದ ಕಲ್ಲು ಎಲ್ಲಿತ್ತೋ, ಹೆಚ್ಚು ಕಡಿಮೆ ಅಲ್ಲಿಯೇ ನನ್ನ ಕುರ್ಚಿ.

ಬೂತಿನೊಳಗೆ ಮೊಬೈಲ್ ಬಿಡುವುದಿಲ್ಲ. ಭೀಮಸಿ ಕಾಕಾ ದಿನಕ್ಕೆ ನಾಲ್ಕು ಸಲ ತಮ್ಮ ಬಾಡಿಗೆ ಕ್ರೂಸರ್ ಜೀಪಿನಲ್ಲಿ ಮಂದಿಯನ್ನು ತುಂಬಿಕೊಂಡು ಈ ಕಿಟಕಿಯ ಮುಂದೆಯೇ ಹಾಯುತ್ತಾರೆ. ಬರೆಯುವ ಮನಸ್ಸಾದರೆ ಅವರ ಕೈಯಲ್ಲಿ ಕೊಡು.

ನಿನ್ನ ಮಗಳು
ಸುಜಾತಾ


ಮಂಗಸೂಳಿ
೧೭ ಜೂನ್ ೨೦೨೫

ಸುಜಾತಾಗೆ,

ನಿನ್ನ ಅವ್ವ ತಾರವ್ವ ಬರೆದದ್ದು. ಶಾಲೆ ಏಳನೇತ್ತೆ ತನಕ ಕಲಿತವಳು. ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು, ನನಗೆ ತಿದ್ದಿ ಕಳಿಸಬೇಡ.

ಆಣೆಯಲ್ಲಿ ಬಾಯಿ ಅಂದಿದ್ದೆ, ಕೈ ಅಂದಿರಲಿಲ್ಲ. ಅಳಿಯ ಕೇಳಿದರೆ ಹೀಗೆಯೇ ಹೇಳುತ್ತೇನೆ. ಅಳಿಯ ಅಂದರೆ ಯಾರೆಂದು ಬೂತಿನಲ್ಲಿ ಕೂತು ಮರೆತಿದ್ದರೆ ನೆನಪು ಮಾಡುತ್ತೇನೆ. ಕುರಿ ಕಾಯುವವರ ಮನೆಯ ಮಗಳನ್ನು ಮಲ್ಲಯ್ಯ ಮೆಚ್ಚಿ ಕಟ್ಟಿಕೊಂಡ. ದೇವರಾದರೂ ನಮಗೆ ಅವನು ಅಳಿಯನೇ. ಸಾಂಗ್ಲಿ, ಕೊಲ್ಹಾಪುರದ ಗಾಡಿಯವರು ಹತ್ತು ಅಂಗಡಿ ದಾಟಿ ನನ್ನ ಹತ್ತಿರ ನಿಲ್ಲುತ್ತಿದ್ದದ್ದು ಅದಕ್ಕೇ. ದೇವರ ಅತ್ತೆಯ ಕೈಯಿಂದ ಗಾಡಿಯ ಮುಖಕ್ಕೆ ಒಂದು ಮುಷ್ಟಿ ಅರಿಷಿಣ ಬಿದ್ದರೆ ಮನೆ ಮುಟ್ಟುವ ತನಕ ಅಡಚಣೆ ಇಲ್ಲ ಎಂದು ಅವರ ನಂಬಿಕೆ. ನನ್ನ ಅತ್ತೆ ಮಾಡಿದಳು, ನಾನು ಮಾಡುತ್ತಿದ್ದೇನೆ. ನೀನು ಚೀಟಿ ಹರಿಯುತ್ತಿದ್ದೀ.

ಅಂಗಡಿಯನ್ನು ಈಗ ಊರ ತಿರುವಿಗೆ ತಂದಿದ್ದೇನೆ. ನಾಲ್ಕು ಕಂಬ, ಒಂದು ತಗಡು. ಗಾಡಿಗಳು ಮೊದಲಿನಷ್ಟಿಲ್ಲ. “ಮೌಶಿ, ಹ್ವಾದ ವರ್ಷ ವಾರಾ ವಾರಾ ಬರತಿದ್ವಿ, ಈಗ ಹೋಗ್ತಾ ಬರ್ತಾ ಎರಡ ಕಡೆ ಟೋಲ್ ಕೊಡಬೇಕಲ್ಲ, ತಿಂಗಳಿಗೊಮ್ಮೆ ಬರ್ತೀವಿ” ಎಂದು ಮಿರಜಿನ ಡ್ರೈವರ್ ಅಮೋಲ ಹೇಳಿ ಹೋದ. ನಿಮ್ಮ ಬೋರ್ಡಿನ ಮೇಲೆ ಟೋಲ್ ಎಂದು ಬರೆದಿಲ್ಲವಂತೆ, ಬಳಕೆದಾರರ ಶುಲ್ಕ ಎಂದು ಬರೆದಿದೆಯಂತೆ. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ.

ನಿನ್ನ ಅಪ್ಪನ ಕುರಿಗಳಿಗೆ ಟೋಲ್ ಇಲ್ಲ, ದಾರಿಯೂ ಇಲ್ಲ. ನಿಮ್ಮ ನಾಕಾದ ಗೋಡೆ ಸುತ್ತಿ ಆಚೆ ದಂಡೆಗೆ ಹೋಗಬೇಕಾದರೆ ಮೂರು ಕಿಲೋಮೀಟರು. ಮರಿಗಳನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಾನೆ. ಜಾಗ ಕೊಟ್ಟ ಕಾಗದಕ್ಕೆ ಸಹಿ ಮಾಡಿದವನು ಅವನೇ, ಹೊರಲಿ.

ಭೀಮಸಿಯ ಕೈಯಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದ್ದೇನೆ. ಅಂಗಿ ಹಾಕಿಕೊಂಡು ತಿನ್ನಬೇಡ ಎಂದು ನಾನು ಆಣೆ ಮಾಡಿಲ್ಲ. ತಿನ್ನು.

ತಾರವ್ವ


ಕಾಗವಾಡ
೨೮ ಜುಲೈ ೨೦೨೫, ಸೋಮವಾರ

ಅವ್ವಾ,

ನಿನ್ನ ರೊಟ್ಟಿ ನನ್ನ ಕೋಣೆಯ ಗೆಳತಿ ಭಾಗ್ಯಾ ಅರ್ಧ ತಿಂದಳು. ಮೂರನೇ ಕಿಟಕಿಯವಳು, ರಾಯಬಾಗದ ಹುಡುಗಿ. ಇನ್ನೊಮ್ಮೆ ಕಳಿಸುವಾಗ ಚಟ್ನಿ ಜಾಸ್ತಿ ಹಾಕಬೇಕಂತೆ.

ಇನ್ನು ನಿಜವಾದ ಸುದ್ದಿ. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ನಿನ್ನೆ ಶ್ರಾವಣದ ಮೊದಲ ರವಿವಾರ. ಎಷ್ಟೋ ದಿನಕ್ಕೆ ಗಾಡಿಗಳು ಬಂದಿದ್ದವು, ನಿನಗೆ ಸಂತೋಷವಾಗಿರಬೇಕು. ಗುಡಿಯಿಂದ ತಿರುಗಿ ಬರುವಾಗ ಎಲ್ಲದರ ಮುಖವೂ ಹಳದಿ. ಯಾವುದು ನಿನ್ನ ಕೈಯ ಮುಷ್ಟಿ, ಯಾವುದು ಬೇರೆ ಅಂಗಡಿಯದು ಎಂದು ನೋಡಿದ ಕೂಡಲೇ ಹೇಳಬಲ್ಲೆ. ನಿನ್ನದು ಯಾವಾಗಲೂ ಎಡದಿಂದ ಬಲಕ್ಕೆ ಬೀಳುತ್ತದೆ.

ಅದೇ ಅರಿಷಿಣ ನಂಬರ್ ಪ್ಲೇಟನ್ನೂ ಮುಚ್ಚಿತ್ತು. ನಮ್ಮ ಕ್ಯಾಮೆರಾಕ್ಕೆ ನಂಬರು ಕಾಣದಿದ್ದರೆ ಗೇಟು ಏಳುವುದಿಲ್ಲ. ಗಾಡಿಗಳ ಸಾಲು ಅರ್ಧ ಕಿಲೋಮೀಟರು ನಿಂತಿತು. ಮ್ಯಾನೇಜರ್ ಸಾಹೇಬರು ಓಡಿ ಬಂದು ನನ್ನ ಕೈಗೆ ಬಕೆಟ್ಟು, ಬಟ್ಟೆ ಕೊಟ್ಟು “ಯೇ ಪೀಲಾ ಸಾಫ್ ಕರೋ, ಜಲ್ದಿ” ಎಂದರು. ಇನ್ನು ಮೇಲೆ ಪ್ರತಿ ರವಿವಾರ ಈ ಹಳದಿ ಒರೆಸುವುದು ನಾಲ್ಕನೇ ಕಿಟಕಿಯವಳ ಕೆಲಸವಂತೆ. ಒಲ್ಲೆನೆಂದರೆ ನಾಳೆಯಿಂದ ಬರಬೇಡ ಎನ್ನುತ್ತಾರೆ.

ಒರೆಸಿದೆ ಅವ್ವಾ. ನೀನು ಹಾರಿಸಿದ್ದನ್ನು ನಾನು ಒರೆಸಿದೆ. ಹದಿನೇಳು ಗಾಡಿ. ಒಂದು ಗಾಡಿಯಲ್ಲಿದ್ದ ಸಾಂಗ್ಲಿಯ ಮುದುಕಿ ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನ ಮಣಿಕಟ್ಟು ಹಿಡಿದು “ಅಗಂ ಪೋರಿ, ದೇವಾಚಾ ಭಂಡಾರಾ ಆಹೇ, ಪುಸೂ ನಕೋ” ಎಂದು ಅತ್ತಳು. ದೇವರ ಭಂಡಾರ, ಒರೆಸಬೇಡವೆನ್ನುತ್ತಾಳೆ. ಅವಳಿಗೆ ನಾನೇನು ಹೇಳಲಿ? ನಾನು ಯಾರ ಮಗಳು ಎಂದು ಹೇಳಲೇ?

ಬಟ್ಟೆಯನ್ನು ನೆಲಕ್ಕೆ ಹಾಕಲಿಲ್ಲ. ಹಳದಿ ನೀರನ್ನು ಮೋರಿಗೆ ಚೆಲ್ಲಲಿಲ್ಲ, ಕಾಲು ತುಳಿಯುವ ಕಡೆಯೂ ಚೆಲ್ಲಲಿಲ್ಲ. ಬೂತಿನ ಹಿಂದೆ, ಬೇವಿನ ಗಿಡ ಇದ್ದ ಅಂದಾಜಿಗೆ ಒಂದು ಗೇಣು ಮಣ್ಣು ಉಳಿದಿದೆ, ಅಲ್ಲಿ ಹಾಕಿದೆ. ಇಷ್ಟೇ ನನ್ನ ಕೈಲಾದದ್ದು.

ಬೈಯುವುದಿದ್ದರೆ ಕಾಗದದಲ್ಲಿ ಬೈ. ಸುಮ್ಮನಿರಬೇಡ.

ಸುಜಾತಾ


ಕಾಗವಾಡ
೨ ಸೆಪ್ಟೆಂಬರ್ ೨೦೨೫

ಅವ್ವಾ,

ಐದು ವಾರವಾಯಿತು, ನಿನ್ನಿಂದ ಒಂದು ಅಕ್ಷರ ಬಂದಿಲ್ಲ. ಭೀಮಸಿ ಕಾಕಾನನ್ನು ದಿನಾ ಕೇಳುತ್ತೇನೆ. “ಕೊಟ್ಟೇನಿ ಯವ್ವಾ. ಓದಿ ಮಡಚಿ ಕುಪ್ಪಸದಾಗ ಇಟಗೊಂಡಳು” ಎನ್ನುತ್ತಾರೆ. ಕುಪ್ಪಸದಲ್ಲಿ ಇಟ್ಟುಕೊಂಡೆ ಎಂದರೆ ಒಲೆಗೆ ಹಾಕಲಿಲ್ಲ ಎಂದು ಅರ್ಥ ಮಾಡಿಕೊಂಡಿದ್ದೇನೆ.

ನಾನು ಒರೆಸುವುದನ್ನು ಯಾರೋ ಮೊಬೈಲಿನಲ್ಲಿ ವಿಡಿಯೋ ಹಿಡಿದು ಹಾಕಿದ್ದಾರೆ. ಕೆಳಗೆ ಮಂದಿ ಬರೆದದ್ದನ್ನು ನಾನು ಓದಲಿಲ್ಲ, ಭಾಗ್ಯಾ ಓದಿ ಅತ್ತಳು. ನಿನಗೂ ಯಾರಾದರೂ ತೋರಿಸಿರಬಹುದು. ಅದರಲ್ಲಿ ನನ್ನ ಮುಖ ಕಾಣುವುದಿಲ್ಲ, ಅಂಗಿ ಕಾಣುತ್ತದೆ.

ಮ್ಯಾನೇಜರ್ ಸಾಹೇಬರನ್ನು ಕೇಳಿಕೊಂಡೆ. ಕೆಟ್ಟ ಮನುಷ್ಯರೇನಲ್ಲ. ಅವರಿಗೂ ಮೇಲಿನಿಂದ ಫೋನು ಬರುತ್ತದೆ, ಆ ಮೇಲಿನವರಿಗೆ ಇನ್ನೂ ಮೇಲಿನಿಂದ. ಎಲ್ಲಿ ಹೋಗಿ ಯಾರ ಕಾಲು ಹಿಡಿಯಬೇಕು ಎಂಬುದೇ ಗೊತ್ತಾಗುವುದಿಲ್ಲ. ಮುಂದಿನ ರವಿವಾರವೂ ಒರೆಸಬೇಕು.

ಅವ್ವಾ, ನೀನು ಬೇಡವೆಂದು ಒಂದು ಮಾತು ಬರೆ, ನೌಕರಿ ಬಿಟ್ಟು ಬರುತ್ತೇನೆ. ಈ ಸಲ ನಿಜವಾಗಿ ಕೇಳುತ್ತಿದ್ದೇನೆ.

ಸುಜಾತಾ


ಮಂಗಸೂಳಿ
೧೧ ಸೆಪ್ಟೆಂಬರ್ ೨೦೨೫

ಸುಜಾತಾಗೆ,

ಬಿಡಬೇಡ.

ಹೀಗೆ ಬರೆಯಲು ನನಗೆ ಆರು ವಾರ ಬೇಕಾಯಿತು. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ. ವಿಡಿಯೋ ತೋರಿಸಿದವಳು ಪಕ್ಕದ ಅಂಗಡಿಯ ಸುಂದ್ರವ್ವ. “ಯಾರದೋ ಮನಿ ಹುಡುಗಿ, ಆಕಿ ಕೈ ಸೇದಿ ಹೋಗಲಿ” ಎಂದು ಶಾಪ ಹಾಕಿದಳು. ಒರೆಸುವಾಗ ನೀನು ಬಟ್ಟೆಯನ್ನು ಹಣೆಗೆ ಮುಟ್ಟಿಸಿಕೊಳ್ಳುವುದು ಅದರಲ್ಲಿ ಕಾಣುತ್ತದೆ. ಅದು ಸುಂದ್ರವ್ವನ ಕಣ್ಣಿಗೆ ಬೀಳಲಿಲ್ಲ. ನನ್ನ ಕಣ್ಣಿಗೆ ಬಿತ್ತು.

ನೀನು ಹೇಳಿದ್ದೇ ಖರೆ. ಜಾಗ ಹೋಯಿತು, ಗಿಡ ಹೋಯಿತು. ಉಳಿದದ್ದು ನಿನ್ನ ಆ ಕುರ್ಚಿ. ಅದನ್ನೂ ಅವರಿಗೇ ಬಿಟ್ಟುಕೊಟ್ಟರೆ ನಾವು ಪುಕ್ಕಟೆ ಕೊಟ್ಟ ಹಾಗಾಯಿತು. ಅಲ್ಲಿಯೇ ಕೂತಿರು.

ಈ ರವಿವಾರದಿಂದ ನಾನು ಭಂಡಾರವನ್ನು ಗಾಡಿಯ ಮುಖಕ್ಕೆ ಹಾರಿಸುವುದಿಲ್ಲ. ಹಿಂದಿನಿಂದ ಹಾರಿಸುತ್ತೇನೆ, ನಿನ್ನ ಕ್ಯಾಮೆರಾ ನೋಡದ ಕಡೆ. ಮೊನ್ನೆ ಅಮೋಲನ ಗಾಡಿಗೆ ಹಾಗೆ ಮಾಡಿ ನೋಡಿದೆ. “ಮೌಶಿ, ದೇವರು ಮುಂದ ಇರಬೇಕ ಹೌದಿಲ್ಲೋ? ಹಿಂದ ಯಾಕ ಹಾಕ್ತಿ?” ಎಂದ. “ಕುದರಿ ಮ್ಯಾಲ ಕುಂತ ದೇವರಪಾ, ಹಿಂದ ತಿರುಗಿ ನೋಡತಾನ, ನೀ ಹೋಗು” ಎಂದೆ. ನಕ್ಕು ಹೋದ. ಎಲ್ಲರೂ ನಗುವುದಿಲ್ಲ. ಇಬ್ಬರು ಸಿಟ್ಟಾಗಿ ಭಂಡಾರದ ಪೊಟ್ಟಣ ತಿರುಗಿ ಕೊಟ್ಟು ಹೋದರು.

ಉಳಿದ ಅಂಗಡಿಯವರಿಗೂ ಹೇಳಿದ್ದೇನೆ. ಕೆಲವರು ಕೇಳಿದರು. ಸುಂದ್ರವ್ವ ಮಾತ್ರ “ಯಾಕ?” ಎಂದಳು. ಆ ಹುಡುಗಿ ನನ್ನ ಮಗಳು ಎಂದೆ. ಅವಳು ತನ್ನ ತಟ್ಟೆಯ ಭಂಡಾರ ಹಣೆಗೆ ಹಚ್ಚಿಕೊಂಡು, ಶಾಪ ಹಾಕಿದ ಬಾಯಿಗೆ ತಾನೇ ಬಡಿದುಕೊಂಡಳು.

ಒಂದು ವಿಷಯ. ನೀನು ಹಳದಿ ನೀರು ಹಾಕುವ ಆ ಗೇಣು ಮಣ್ಣಿಗೆ ಸಿಮೆಂಟು ಹಾಕಿಸಲು ಬಿಡಬೇಡ.

ತಾರವ್ವ


ಕಾಗವಾಡ
೨೭ ನವೆಂಬರ್ ೨೦೨೫

ಅವ್ವಾ,

ನಿನ್ನೆ ಚಂಪಾಷಷ್ಠಿ, ಮಲ್ಲಯ್ಯನ ದೊಡ್ಡ ದಿನ. ಹೋದ ವರ್ಷ ಈ ದಿನ ನನಗೆ, ನಿನಗೆ, ಅಪ್ಪನಿಗೆ ಮೂವರಿಗೂ ಕೈ ಬಿಡುವಿರಲಿಲ್ಲ. ನಿನ್ನೆ ನನ್ನ ಕಿಟಕಿಯ ಮುಂದೆ ಹಾದ ಗಾಡಿಗಳನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಮಂದಿ ಬಂದಿಲ್ಲವೆಂದಲ್ಲ. ಎಲ್ಲರ ಫೋನಿನ ನಕ್ಷೆಯೂ ಟೋಲ್ ತಪ್ಪಿಸುವ ದಾರಿ ತೋರಿಸುತ್ತದೆ. ಕಬ್ಬಿನ ಹೊಲದ ನಡುವಿನ ಒಳದಾರಿಯಲ್ಲಿ ಹೋದರೆ ಗುಡಿಯ ಹಿಂದಿನ ಬಾಗಿಲಿಗೇ ಮುಟ್ಟುತ್ತಾರೆ, ನಿನ್ನ ತಿರುವಿಗೆ ಬರುವುದೇ ಇಲ್ಲ. ನಿನಗೆ ಇದು ನನಗಿಂತ ಮೊದಲೇ ಗೊತ್ತಾಗಿರುತ್ತದೆ.

ಬರೆಯಲು ಕೈ ಬರುತ್ತಿಲ್ಲ, ಆದರೂ ಹೇಳಬೇಕು. ಈಗ ಹಿಂದೆಯೂ ಕ್ಯಾಮೆರಾ ಕೂರಿಸಿದ್ದಾರೆ. ಹಿಂದಿನ ಪ್ಲೇಟಿನ ಮೇಲೂ ಹಳದಿ ಇರಬಾರದಂತೆ.

ಆ ಗೇಣು ಮಣ್ಣು ಹಾಗೆಯೇ ಇದೆ. ಮೇಲೆ ರಸ್ತೆಗೆ ಅಡ್ಡ ಇಡುವ ಹಳೇ ಕೋನುಗಳನ್ನು ಪೇರಿಸಿ ಇಟ್ಟಿದ್ದೇನೆ, ಯಾರೂ ನೋಡುವುದಿಲ್ಲ.

ಸುಜಾತಾ


ಮಂಗಸೂಳಿ
೬ ಡಿಸೆಂಬರ್ ೨೦೨೫

ಸುಜಾತಾಗೆ,

ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಈಗ ನಾನು ಭಂಡಾರ ಹಾರಿಸುವುದನ್ನೇ ಬಿಟ್ಟೆ. ಪೊಟ್ಟಣ ಕಟ್ಟಿ ಕೈಗೆ ಕೊಡುತ್ತೇನೆ, ಕಿರಾಣಿ ಅಂಗಡಿಯವರು ಅರಿಷಿಣ ಕೊಟ್ಟ ಹಾಗೆ. ಬರುವುದೇ ದಿನಕ್ಕೆ ಒಂದೋ ಎರಡೋ ಗಾಡಿ. ಹಾರಿಸದ ಮೇಲೆ ಅವರಾದರೂ ಯಾಕೆ ನಿಲ್ಲಬೇಕು? ಮುಂಜಾನೆ ಕೂತವಳಿಗೆ ಮಧ್ಯಾಹ್ನದ ತನಕ ಕೈ ಎತ್ತುವ ಕೆಲಸವೇ ಇಲ್ಲ. ಎತ್ತಿ ರೂಢಿಯಾದ ಕೈ, ತಾನೇ ಎದ್ದುಬಿಡುತ್ತದೆ. ಆಮೇಲೆ ಸೆರಗು ಸರಿ ಮಾಡಿಕೊಂಡ ಹಾಗೆ ಮಾಡುತ್ತೇನೆ.

ಹೋಗಲಿ. ನಿನ್ನ ಕುರ್ಚಿ ಉಳಿದರೆ ಸಾಕು.

ಭೀಮಸಿ ಇದೇ ಕೊನೆಯ ಸಲ ಕಾಗದ ತರುವುದು. ಕ್ರೂಸರ್ ಮಾರಿದ. ಊರಿನವರ ಸ್ವಂತ ಗಾಡಿಗೆ ಪಾಸು ಕೊಡುತ್ತಾರಂತೆ, ಬಾಡಿಗೆ ಗಾಡಿಗೆ ಇಲ್ಲವಂತೆ. ದಿನಕ್ಕೆ ನಾಲ್ಕು ಸಲ ಹಾಯುವವನಿಗೆ ಏನು ಉಳಿಯಬೇಕು? ಮಂದಿಗೆ ಬಾಡಿಗೆ ಹೆಚ್ಚಿಸಿ ಹೇಳಲು ನಾಚಿಕೆ ಅವನಿಗೆ. “ಬಾಣಂತ್ಯಾರನ್ನ, ಬ್ಯಾನಿ ಬಂದವರನ್ನ ಮಿರಜ ದವಾಖಾನಿಗೆ ಒಯ್ದ ಗಾಡಿ ಅಕ್ಕಾ, ಅವರ ಹತ್ರ ಹೆಂಗ ಕೇಳಲಿ?” ಎಂದು ನನ್ನ ಅಂಗಡಿಯ ಮುಂದೆ ಕೂತು ಕಣ್ಣು ಒರೆಸಿಕೊಂಡ. ಕೊನೆಗೆ ಆ ಗಾಡಿಯ ಮುಖಕ್ಕೆ ಒಂದು ಮುಷ್ಟಿ ಹಾರಿಸು ಎಂದ. ಅವನಿಗೂ ಹಾರಿಸಲಿಲ್ಲ. ಆ ಗಾಡಿಯೂ ನಿನ್ನ ಕಿಟಕಿಯ ಮುಂದೆಯೇ ಹೋಗಬೇಕಲ್ಲ.

ಅದು ಮನಸ್ಸಿಗೆ ಬಹಳ ಹತ್ತಿದೆ.

ತಾರವ್ವ


ಕಾಗವಾಡ
೧೭ ಜನವರಿ ೨೦೨೬

ಅವ್ವಾ,

ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ಹತ್ತು ಕಿಲೋಮೀಟರು ದಾಟಲು ಎಷ್ಟು ದಿನ ಮಾಡುತ್ತದೆಯೋ.

ನಿನ್ನೆ ನಮ್ಮನ್ನೆಲ್ಲ ಕರೆದು ಸಾಲಾಗಿ ನಿಲ್ಲಿಸಿದರು. ಬರುವ ತಿಂಗಳಿನಿಂದ ಕಿಟಕಿಗಳೇ ಇಲ್ಲ. ರಸ್ತೆಯ ಮೇಲೆ ಕಮಾನು ಕಟ್ಟಿ ಅದಕ್ಕೇ ಕ್ಯಾಮೆರಾ ಹಚ್ಚುತ್ತಾರೆ. ಗಾಡಿ ನಿಲ್ಲಲೇಬೇಕಿಲ್ಲ, ರೊಕ್ಕ ತಾನೇ ಮುರಿಯುತ್ತದೆ. ಬೂತುಗಳನ್ನು ಒಡೆದು ಹಾಕುತ್ತಾರೆ. ಮೂವತ್ತೊಂದಕ್ಕೆ ನಮ್ಮ ಕೊನೆಯ ದಿನ. ಮ್ಯಾನೇಜರ್ ಸಾಹೇಬರೂ ನಮ್ಮ ಜೊತೆಗೇ ಮನೆಗೆ.

“ಜಾಗದ ಬದ್ಲಿ ಕೊಟ್ಟ ನೌಕರೀರಿ ಇದು” ಎಂದೆ. ಅವರು ಫೈಲು ತರಿಸಿ ಅಪ್ಪ ಸಹಿ ಮಾಡಿದ ಕಾಗದ ತೋರಿಸಿದರು. ಮನೆಗೊಂದು ನೌಕರಿ ಎಂದಿದೆ. ಎಷ್ಟು ದಿನ ಎಂದು ಎಲ್ಲಿಯೂ ಇಲ್ಲ. ಎರಡು ಸಲ ಓದಿದೆ. ಅಪ್ಪನಿಗೆ ಹೇಳಬೇಡ, ತಡೆದುಕೊಳ್ಳುವುದಿಲ್ಲ.

ನೀನು ನಿನ್ನ ಕೈ ಕಟ್ಟಿಕೊಂಡದ್ದು ನನ್ನ ಈ ಕುರ್ಚಿಗೋಸ್ಕರ. ನಾನು ದೇವರ ಭಂಡಾರ ಒರೆಸಿದ್ದೂ ಇದಕ್ಕೋಸ್ಕರ. ಈಗ ನೋಡಿದರೆ ಅದೂ ಇಲ್ಲ. ಯಾರ ಮೇಲೆ ಸಿಟ್ಟಾಗಬೇಕು ಎಂದು ಕೂತು ಯೋಚಿಸಿದೆ, ಒಬ್ಬರ ಹೆಸರೂ ಸಿಗಲಿಲ್ಲ.

ಎರಡು ಅಂಗಿ, ಒಂದು ಜಾಕೀಟು, ಗುರುತಿನ ಚೀಟಿಯನ್ನು ಫೆಬ್ರವರಿ ಎರಡಕ್ಕೆ, ಸೋಮವಾರ, ಜಮಾ ಮಾಡಬೇಕು. ಅಂಗಿ ಒಗೆದು ಸ್ವಚ್ಛ ಕೊಡಬೇಕು, ಕಲೆ ಇದ್ದರೆ ಕೊನೆಯ ಪಗಾರದಲ್ಲಿ ಮುರಿದುಕೊಳ್ಳುತ್ತಾರೆ. ಅಂಗಿ ಕೊಟ್ಟು ಬಿಟ್ಟರೆ ನಿನ್ನ ಆಣೆ ತೀರುತ್ತದೆ. ಸೋಮವಾರ ಸಂಜೆ ಊರಿಗೆ ಬರುತ್ತೇನೆ. ಬಾಗಿಲು ತೆಗೆ.

ಸುಜಾತಾ


ಮಂಗಸೂಳಿ
೨೪ ಜನವರಿ ೨೦೨೬

ಸುಜಾತಾಗೆ,

ನಿನ್ನ ಕಾಗದ ನಿನ್ನೆ ಬಂತು. ಓದಿ ಮುಗಿಸಿ ಅಂಗಡಿ ಬಿಟ್ಟು ಗುಡಿಗೆ ಹೋದೆ. ಅಳಿಯನ ಮುಂದೆ ಕೂತು ಬೈಯಬೇಕೆಂದು ಹೋದವಳು, ಬೈಯಲು ಆಗಲಿಲ್ಲ. ಅವನ ಮನೆಯ ಮುಂಬಾಗಿಲಿಗೂ ಈಗ ಮಂದಿ ಬರುವುದಿಲ್ಲ, ಅವನೇನು ಮಾಡಿಯಾನು.

ಅಪ್ಪನಿಗೆ ಹೇಳಿದೆ. ಮುಚ್ಚಿಟ್ಟು ಏನು ಮಾಡುವುದು? ಅವನು ಒಂದು ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಊಟದ ತನಕ ಅದರ ಉಣ್ಣೆಯೊಳಗಿನ ಮುಳ್ಳು ತೆಗೆಯುತ್ತಿದ್ದ.

ಈಗ ನಾನು ಹೇಳುವುದನ್ನು ಕೇಳು. ಸೋಮವಾರ ಬರಬೇಡ. ರವಿವಾರ ಬಾ. ಅವತ್ತು ಭಾರತ ಹುಣ್ಣಿಮೆ.

ಆ ಅಂಗಿ ಹಾಕಿಕೊಂಡೇ ಬಾ.

ಆಣೆ ನಾನು ಮಾಡಿದ್ದು, ಮುರಿಯುವವಳೂ ನಾನೇ. ಅವರು ಅಂಗಿ ಬಿಚ್ಚಿಸಿಕೊಂಡು ಕಳಿಸಿದ ಮೇಲೆ ನನ್ನ ಮಗಳು ನನ್ನ ಹೊಸ್ತಿಲು ದಾಟುವುದು ನನಗೆ ಬೇಡ. ಅಳಿಯನ ಹತ್ತಿರ ನಾನು ಮಾತಾಡಿಕೊಳ್ಳುತ್ತೇನೆ. ತಪ್ಪು ದಂಡ ಏನಿದ್ದರೂ ಅತ್ತೆಯ ಮೇಲೆ ಹಾಕಲಿ.

ಎರಡು ತಿಂಗಳಿನಿಂದ ನಾನು ಒಂದು ಮುಷ್ಟಿಯೂ ಹಾರಿಸಿಲ್ಲ. ಭೀಮಸಿಯ ಗಾಡಿಗೆ ಹಾರಿಸದೇ ಉಳಿಸಿಕೊಂಡದ್ದು ಹಾಗೆಯೇ ಇದೆ, ಒಂದು ಡಬ್ಬಿಯಲ್ಲಿ ಬೇರೆ ಇಟ್ಟಿದ್ದೇನೆ. ನೀನು ಬಾಗಿಲಿಗೆ ಬಂದು ನಿಲ್ಲು. ನಿನ್ನ ತಲೆಯ ಮೇಲೆ, ಆ ಅಂಗಿಯ ಮೇಲೆ, ಎಡದಿಂದ ಬಲಕ್ಕೆ ಹಾರಿಸುತ್ತೇನೆ. ಇದನ್ನು ನೀನೂ ಒರೆಸಬೇಡ, ಯಾರಿಂದಲೂ ಒರೆಸಿಕೊಳ್ಳಬೇಡ. ಸೋಮವಾರ ಆ ಅಂಗಿಯನ್ನು ಹಾಗೆಯೇ ಮಡಚಿ ಕೊಟ್ಟು ಬಾ. ಪಗಾರದಲ್ಲಿ ಎಷ್ಟು ಮುರಿದುಕೊಳ್ಳುತ್ತಾರೋ ಮುರಿದುಕೊಳ್ಳಲಿ.

ಬೂತು ಒಡೆಯುವ ಮೊದಲು ಆ ಗೇಣು ಜಾಗದ ಮಣ್ಣು ಒಂದು ಹಿಡಿ ಕಟ್ಟಿಕೊಂಡು ಬಾ.

ಇನ್ನೊಂದು ಮಾತು. ಹೋದ ವರ್ಷದಿಂದ ನಿನ್ನ ಕೂಡ ಬಾಯಿ ಬಿಟ್ಟು ಮಾತಾಡಿಲ್ಲ. ಬರೆಯುವುದಾದರೆ ಇಷ್ಟೆಲ್ಲ ಬರೆಯುತ್ತೇನೆ, ನಿನ್ನನ್ನು ಎದುರಿಗೆ ನೋಡಿದರೆ ಏನು ಅನ್ನಬೇಕೋ ತಿಳಿಯುತ್ತಿಲ್ಲ. ಬಂದ ಮೇಲೆ ಮೊದಲು ನೀನೇ ಮಾತಾಡು.

ನಿನ್ನ ಅವ್ವ
ತಾರವ್ವ